‘ಅಯ್ಯಂಗಾರ್’ ಸಾಲಿನಲ್ಲಿ ಕಳೆದುಹೋದ ಮಾಸ್ತಿ

ಓದಿದ ಪುಸ್ತಕಗಳನ್ನು ಪಟ್ಟಿಮಾಡಿ, ನಕ್ಷತ್ರ ಕೊಟ್ಟು, ನಾಲ್ಕು ಮಾತು ಬರೆಯಲು ಅನುವಾಗುವ ಜಾಲತಾಣಗಳು ಹೊರನಾಡ ಕನ್ನಡಿಗರಿಗೆ ಬರಿಯ ಹವ್ಯಾಸದ ಜಾಗಗಳಲ್ಲ. ಪುಣೆಯಲ್ಲೋ ದೆಹಲಿಯಲ್ಲೋ ಇರುವವರಿಗೆ ಕನ್ನಡದ ಪುಸ್ತಕದಂಗಡಿ ಕಾಲ್ನಡಿಗೆಯ ದೂರದಲ್ಲಿಲ್ಲ. ನಮ್ಮ ಮಕ್ಕಳು ಒಬ್ಬ ಲೇಖಕರ ಹೆಸರು ಕೇಳಿದರೆ ಮೊದಲು ಹುಡುಕುವುದು ಅಲ್ಲಿಯೇ. ಅಲ್ಲಿ ಸಿಗದ ಪುಸ್ತಕ ಅವರ ಮಟ್ಟಿಗೆ ಇಲ್ಲದ ಪುಸ್ತಕ. ಆದುದರಿಂದ ಕನ್ನಡ ಅಲ್ಲಿ ಹೇಗೆ ದಾಖಲಾಗುತ್ತಿದೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ.

ಮೊದಲ ತೊಡಕು ಹೆಸರಿನದು. ಹೆಸರಿನ ಕೊನೆಯ ಪದವೇ ಕುಲನಾಮವೆಂಬ ಪಾಶ್ಚಾತ್ಯ ರೂಢಿಯ ಮೇಲೆ ಈ ಪಟ್ಟಿಗಳು ನಿಂತಿವೆ. ನಾವು ಮಾಸ್ತಿಯವರನ್ನು ಊರ ಹೆಸರಿನಿಂದ ಬಲ್ಲೆವು. ಪಟ್ಟಿಯಲ್ಲಿ ಅವರು ‘ಅಯ್ಯಂಗಾರ್’ಗಳ ಸಾಲಿಗೆ ಸೇರುತ್ತಾರೆ. ಅವರೇ ‘ಶ್ರೀನಿವಾಸ’ರು, ಬೇಂದ್ರೆಯವರೇ ಅಂಬಿಕಾತನಯದತ್ತರು ಎಂಬುದು ಯಾರಾದರೂ ಹೇಳಿಕೊಡದೆ ಯಂತ್ರಕ್ಕೆ ತಿಳಿಯದು. ರೋಮನ್ ಲಿಪಿಯಲ್ಲಿ ಭೈರಪ್ಪನವರ ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆಯುವವರಿದ್ದಾರೆ. ಒಬ್ಬ ಲೇಖಕ ಇಬ್ಬರಾಗಿ ಕೃತಿಗಳು ಹಂಚಿಹೋಗುತ್ತವೆ.

ಎರಡನೆಯದು ಸಂಖ್ಯೆಯ ತೊಡಕು. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಸಂಖ್ಯೆಯಿಲ್ಲದ ಹಳೆಯ ಮುದ್ರಣವನ್ನು ಸೇರಿಸಲು ಎಲ್ಲವನ್ನೂ ಕೈಯಿಂದಲೇ ತುಂಬಬೇಕು. ಹಾಗೆ ತುಂಬಿದ ಪ್ರಕಾಶಕರ ಹೆಸರು, ಮೊದಲ ಮುದ್ರಣದ ವರ್ಷ, ಮಾರಾಟಗಾರರ ಮಾಹಿತಿ ಬಂದು ಕುಳಿತೊಡನೆ ಅಳಿಸಿಹೋದದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಮೊನ್ನೆಯ ಮರುಮುದ್ರಣವೇ ಕೃತಿಯ ಜನ್ಮವರ್ಷವಾಗಿಬಿಡುತ್ತದೆ.

ಅನುವಾದಗಳ ವಿಷಯದಲ್ಲಿ ಗೊಂದಲ ಇನ್ನೂ ಆಳವಾದದ್ದು. 1965ರ ‘ಸಂಸ್ಕಾರ’ವೂ ಎ. ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದವೂ ಒಂದೇ ಕೃತಿಯೆಂದು ಜೋಡಿಸಿದಾಗ, ಇಂಗ್ಲಿಷಿನಲ್ಲಿ ಓದಿದವರ ಅಭಿಪ್ರಾಯಗಳ ರಾಶಿಯಲ್ಲಿ ಕನ್ನಡ ಓದುಗನ ಮಾತು ಮುಳುಗುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಇನ್ನೊಂದು ಬಗೆ. ಅದು ಬಾನು ಮುಷ್ತಾಕ್ ಅವರ ಬೇರೆ ಬೇರೆ ಸಂಕಲನಗಳಿಂದ ಆಯ್ದ 12 ಕತೆಗಳ ಗುಚ್ಛ. ಅದಕ್ಕೆ ಸಮನಾದ ಒಂದೇ ಕನ್ನಡ ಪುಸ್ತಕವನ್ನು ಮೂಲವೆಂದು ತೋರಿಸುವುದು ಹೇಗೆ? ಒಂದು ಕೃತಿಗೆ ಒಂದು ಮೂಲವೆಂದು ನಂಬಿದ ಪಟ್ಟಿಯಲ್ಲಿ ಇಂಥ ಸತ್ಯಕ್ಕೆ ಜಾಗವಿಲ್ಲ.

ಆದರೆ ದೋಷವನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕನ್ನಡದ ಓದುಗಲೋಕ ಚಿಕ್ಕದು. ಬರೆದವರು ಪರಿಚಿತರು, ಇಲ್ಲವೇ ಪರಿಚಿತರ ಬಂಧುಗಳು. ಹಾಗಾಗಿ ದಾಕ್ಷಿಣ್ಯಕ್ಕೆ ಐದು ನಕ್ಷತ್ರ, ಮುನಿಸಿಗೆ ಒಂದು. ಎರಡರಿಂದಲೂ ಮುಂದಿನ ಓದುಗನಿಗೆ ಪ್ರಯೋಜನವಿಲ್ಲ. ಕಾದಂಬರಿ ಯಾವ ಸೀಮೆಯ ನುಡಿಯಲ್ಲಿದೆ, ಎಲ್ಲಿ ಸೋಲುತ್ತದೆ, ಯಾರು ಓದಬೇಕು ಎಂದು ತಿಳಿಸುವ ಐದು ಸಾಲು ಐದು ನಕ್ಷತ್ರಗಳಿಗಿಂತ ದೊಡ್ಡದು.

ಇದು ಬಿಟ್ಟಿ ದುಡಿಮೆ, ಲಾಭ ಕಂಪನಿಗೆ ಎಂಬ ಆಕ್ಷೇಪವುಂಟು. ಆಕ್ಷೇಪ ನಿಜ. ಆದರೆ ಕೈಕಟ್ಟಿ ಕುಳಿತರೆ ನಷ್ಟ ನಮ್ಮದು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ, ಮೂರನೆಯದು 1929ರಲ್ಲಿ. ಓಲೆಗರಿಗಳಲ್ಲಿ ಚದುರಿದ್ದ ಕವಿಗಳ ಹೆಸರು, ಕಾಲ, ಕೃತಿಗಳನ್ನು ಅವರು ಒಂದೆಡೆ ತಂದುದರಿಂದಲೇ ನಮ್ಮ ಸಾಹಿತ್ಯಚರಿತ್ರೆಗೆ ಅಡಿಪಾಯ ದೊರೆಯಿತು. ಪಟ್ಟಿಮಾಡುವುದು ಕನ್ನಡಕ್ಕೆ ಹೊಸ ಕೆಲಸವಲ್ಲ, ಕೀಳು ಕೆಲಸವೂ ಅಲ್ಲ.

ನಮ್ಮ ಸಂಘಗಳ ಕಪಾಟುಗಳಲ್ಲಿ ಮರುಮುದ್ರಣ ಕಾಣದ ಪುಸ್ತಕಗಳಿವೆ. ಪ್ರತಿ ತಿಂಗಳು ಹತ್ತನ್ನು ಎತ್ತಿಕೊಂಡು, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆದು, ಮೊದಲ ಮುದ್ರಣದ ವರ್ಷ, ಪ್ರಕಾಶಕರು, ಅನುವಾದಕರನ್ನು ನಮೂದಿಸೋಣ. ಅದರ ಒಂದು ಪ್ರತಿ ಸಂಘದ ಬಳಿಯೂ ಇರಲಿ, ಇನ್ನೊಂದು ವಿಕಿಡೇಟಾದಂಥ ಮುಕ್ತ ಭಂಡಾರಕ್ಕೂ ಸೇರಲಿ. ತಾಣಗಳು ಬಾಗಿಲು ಹಾಕಬಹುದು. ನಮ್ಮ ಪಟ್ಟಿ ನಮ್ಮಲ್ಲಿ ಉಳಿಯಬೇಕು.