ರೋಗದ ಋಣ ಮನೆಯನ್ನು ನುಂಗದಿರಲಿ

ವೀರಶೈವ ಧರ್ಮದಲ್ಲಿ ಅಂಗಕ್ಕೆ ವಿಶೇಷ ಸ್ಥಾನವಿದೆ. ಶ್ರೀಗುರುವು ದೀಕ್ಷೆಯಿತ್ತು ಕರುಣಿಸಿದ ಇಷ್ಟಲಿಂಗವನ್ನು ಧರಿಸುವುದು ಈ ಅಂಗವೇ. ಕಾಯಕ ಮಾಡುವುದೂ, ದಾಸೋಹದಲ್ಲಿ ನಿಂತು ಬಡಿಸುವುದೂ ಈ ಅಂಗವೇ. ಆದುದರಿಂದ ಅದನ್ನು ಕಡೆಗಣಿಸುವುದು ವೈರಾಗ್ಯವೆನಿಸದು. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗಿಗಳ ಸೇವೆಯೇ ಅವನ ಕಾಯಕವಾಗಿತ್ತು. ಚಿಕಿತ್ಸೆಯು ಧರ್ಮಕ್ಕೆ ಸಮ್ಮತವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಆದರೆ ಇಂದು ರೋಗಿ ಬದುಕಿದರೂ ಸಂಸಾರ ಮುಳುಗುವ ಸ್ಥಿತಿ ಬಂದಿದೆ. ಅರಸೀಕೆರೆ ಸೀಮೆಯವರಿಗೆ ಕೊಬ್ಬರಿ, ಹಳೇಬೀಡಿನ ಕಡೆಯವರಿಗೆ ಶುಂಠಿ, ಆಲೂಗಡ್ಡೆ, ಬೇಲೂರಿನ ಮಲೆನಾಡ ಮಗ್ಗುಲಿನವರಿಗೆ ಕಾಫಿ. ಹೀಗೆ ಫಸಲು ಮಾರಿದಾಗ ಮಾತ್ರ ನಮ್ಮ ರೈತನ ಕೈಯಲ್ಲಿ ಹಣ. ರೋಗವು ಫಸಲು ಬರುವವರೆಗೆ ಕಾಯುವುದಿಲ್ಲ. ಮೊದಲು ಮನೆಯಾಕೆಯ ಒಡವೆ ಗಿರವಿಗೆ ಹೋಗುತ್ತದೆ, ಅನಂತರ ಕೈಸಾಲ, ಆಮೇಲೆ ಕೊಟ್ಟಿಗೆಯ ಹಸು, ಕಡೆಗೆ ಹೊಲ. ಮಲಗಿದವನು ಒಬ್ಬ, ಸಾಲಗಾರರು ಮನೆಮಂದಿಯೆಲ್ಲ.

ಈ ಕಷ್ಟ ದೇಶಕ್ಕೆಲ್ಲ ಇರುವಂಥದು. ಕೇಂದ್ರ ಸರ್ಕಾರದ ಆರೋಗ್ಯ ಲೆಕ್ಕದ ಪ್ರಕಾರ, ದೇಶದಲ್ಲಿ ಆರೋಗ್ಯಕ್ಕೆ ಆಗುವ ವೆಚ್ಚ 100 ರೂಪಾಯಿ ಎಂದಿಟ್ಟುಕೊಂಡರೆ 2013-14ರಲ್ಲಿ ಸುಮಾರು 64 ರೂಪಾಯಿಯನ್ನು ಜನರೇ ಸ್ವಂತ ಜೇಬಿನಿಂದ ತೆರುತ್ತಿದ್ದರು. 2021-22ರ ಹೊತ್ತಿಗೆ ಅದು ಸುಮಾರು 39ಕ್ಕೆ ಇಳಿದಿದೆ. ಇಳಿದದ್ದು ಸಂತೋಷ. ಆದರೆ ಉಳಿದ ಆ 39 ರೂಪಾಯಿ ಬಡವನ ಬೆನ್ನ ಮೇಲೆಯೇ ಇದೆ.

ಸೌಲಭ್ಯಗಳು ಇಲ್ಲವೆನ್ನಲಾಗದು. ನಮ್ಮ ರಾಜ್ಯದಲ್ಲಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತನು ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಪಡೆಯಬಹುದಾಗಿತ್ತು. ಅದು 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಆಗ ಗ್ರಾಮೀಣ ಪ್ರದೇಶದಲ್ಲಿ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಮಾಡಿ, 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಿದರು. ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಅದರಲ್ಲಿ, ತುರ್ತು ಸಂದರ್ಭವನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪತ್ರ ಪಡೆಯುವುದು ಕ್ರಮ. ನಮ್ಮವರಲ್ಲಿ ಅನೇಕರು ಇದನ್ನು ಅರಿಯದೆಯೋ, ಸರ್ಕಾರಿ ಆಸ್ಪತ್ರೆಗೆ ಹೋದರೆ ನೆಂಟರು ಏನೆಂದಾರೋ ಎಂಬ ಅಳುಕಿನಿಂದಲೋ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಬಿಲ್ಲು ಕೈಗೆ ಬಂದ ಮೇಲೆ ಕಾರ್ಡು ಹುಡುಕಿದರೆ ಫಲವೇನು?

ಇನ್ನೊಂದು ಸೂಕ್ಷ್ಮವನ್ನು ಹಿರಿಯರು ಗಮನಿಸಬೇಕು. ಈ ಯೋಜನೆಗಳು ಹೆಚ್ಚಾಗಿ ನೆರವಾಗುವುದು ಆಸ್ಪತ್ರೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಗೆ. ತಿಂಗಳು ತಿಂಗಳೂ ಕೊಳ್ಳುವ ಮಾತ್ರೆ, ಹೊರಗೆ ಮಾಡಿಸುವ ಸ್ಕ್ಯಾನಿಂಗ್, ಅರಸೀಕೆರೆಯಿಂದಲೋ ಬೇಲೂರಿನಿಂದಲೋ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಿಬರುವ ಬಸ್ಸಿನ ಹಣ, ಜೊತೆಗೆ ಹೋದವನು ಕಳೆದುಕೊಂಡ ಕೂಲಿ, ಇವೆಲ್ಲ ಮನೆಯ ಲೆಕ್ಕಕ್ಕೇ ಬೀಳುತ್ತವೆ. ದೊಡ್ಡ ಬಿಲ್ಲು ಕಣ್ಣಿಗೆ ಕಾಣುತ್ತದೆ, ಈ ಸಣ್ಣ ಸೋರಿಕೆ ಕಾಣದು. ಕೆರೆ ಬರಿದಾಗುವುದು ತೂಬಿನಿಂದ ಮಾತ್ರವೇ ಅಲ್ಲ, ಏರಿಯ ಸಣ್ಣ ಬಿರುಕಿನಿಂದಲೂ ಬರಿದಾಗುತ್ತದೆ. ಆಗ ಮನೆಯ ಹಿರಿಯ ಜೀವವೇ ಮೊದಲು ಹೇಳುವುದು, ‘ನನಗಿನ್ನು ಮಾತ್ರೆ ಯಾಕಪ್ಪ, ಹುಡುಗನ ಫೀಸು ಕಟ್ಟಿ’ ಎಂದು. ಮನೆಯ ತಾಯಿಯಂತೂ ನೋವನ್ನು ಹೇಳುವುದೇ ಇಲ್ಲ.

ಹೀಗೆ ಉಳಿಸಿದ ಹಣ ಉಳಿತಾಯವಲ್ಲ. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಹಬ್ಬಿದಾಗ ಜನ ಹೆದರಿ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರು ಪರಿಶೀಲಿಸಲಾಗಿ, ಮೃತರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂಥ ಕಾರಣಗಳು ಮೊದಲೇ ಇದ್ದುದು ಕಂಡುಬಂದಿತು. ಹೃದಯದ ತೊಂದರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಅಗತ್ಯ ಬಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿದೆ. ಎದೆನೋವೆಂದರೆ ಮೊದಲು ಅಲ್ಲಿಗೆ ಓಡಿರಿ. ದಿನದ ಮಾತ್ರೆ ಬಿಟ್ಟವನು ಮುಂದೆ ಲಕ್ಷದ ಬಿಲ್ಲಿಗೆ ದಾರಿ ಮಾಡಿಕೊಡುತ್ತಾನೆಂಬುದನ್ನು ಮರೆಯಬೇಡಿರಿ.

ಇನ್ನು ಪೀಠದಿಂದ ಹೇಳಲೇಬೇಕಾದ ಮಾತೊಂದಿದೆ. ಆಸ್ಪತ್ರೆಗೆ ಸಾಲ ಮಾಡಿದ ಮನೆಯವರು, ರೋಗಿ ಲಿಂಗೈಕ್ಯರಾದರೆ ಶಿವಗಣಾರಾಧನೆಗೆಂದು ಮತ್ತೊಂದು ಸಾಲ ಮಾಡುವುದನ್ನು ನಾವು ಕಾಣುತ್ತಿದ್ದೇವೆ. ಊರಿಗೆಲ್ಲ ಹೋಳಿಗೆ ಹಾಕದಿದ್ದರೆ ಮಾನ ಹೋಗುವುದೆಂಬ ಭಯ! ಸಾವಿಗೆ ಸೂತಕವನ್ನೇ ಎಣಿಸದ ಧರ್ಮ ನಮ್ಮದು. ಲಿಂಗದಲ್ಲಿ ಬೆರೆತವರಿಗೆ ನಮ್ಮ ಊಟದಿಂದ ಆಗಬೇಕಾದುದು ಏನೂ ಇಲ್ಲ. ಚಿಕಿತ್ಸೆಯ ಸಾಲ ತೀರದ ಮನೆಯಲ್ಲಿ ನಾಲ್ವರು ಜಂಗಮರಿಗೆ ಪ್ರಸಾದ ನೀಡಿ ಮುಗಿಸಿದರೆ ಆರಾಧನೆ ಪೂರ್ಣವಾಯಿತೆಂದೇ ತಿಳಿಯಿರಿ. ಊರ ಹಿರಿಯರು ಮುಂದೆ ನಿಂತು ಇದನ್ನು ನಡೆಸಿಕೊಡಬೇಕು. ಹರಕೆಯೂ ಹಾಗೆಯೇ. ಸಾಲ ಮಾಡಿ ತೀರಿಸುವ ಹರಕೆಯನ್ನು ಶಿವನು ಬೇಡನು.

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಎಂದು ತಿಳಿಯಬಾರದು. ರೋಗಿಯನ್ನು ನೋಡಲು ಹಣ್ಣು, ಬ್ರೆಡ್ಡು ಹಿಡಿದು ಹೋಗುವ ಬದಲು ಓದುಬರಹ ಬಲ್ಲ ಯುವಕನೊಬ್ಬ ಕಾರ್ಡು, ಕಾಗದಪತ್ರ ಹಿಡಿದು ಆಸ್ಪತ್ರೆಗೆ ಜೊತೆಯಾಗಲಿ. ಜಾತ್ರೆಯ ಪಟಾಕಿಯ ಹಣದಲ್ಲಿ ಊರಿನ ಹತ್ತು ಬಡ ಕುಟುಂಬಗಳ ಯಶಸ್ವಿನಿ ಕಂತನ್ನು ಹಾಲಿನ ಸಂಘದ ಮೂಲಕ, ನೋಂದಣಿಯ ಅವಧಿ ಮುಗಿಯುವ ಮುನ್ನವೇ ಕಟ್ಟಲಿ. ಸರ್ಕಾರವೂ ತನ್ನ ಪಾಲಿನ ಕರ್ತವ್ಯವನ್ನು ಮರೆಯಬಾರದು. ವೈದ್ಯರು ಬರೆದ ಔಷಧ ಸರ್ಕಾರಿ ಆಸ್ಪತ್ರೆಯ ಒಳಗೇ ಸಿಗಬೇಕು. ಚೀಟಿ ಹಿಡಿದು ಹೊರಗಿನ ಅಂಗಡಿಗೆ ಅಲೆಸಿದರೆ ಉಚಿತವೆಂಬ ಮಾತಿಗೆ ಅರ್ಥವಿಲ್ಲ.

ನೆರೆಮನೆಯ ರೋಗದ ಋಣದಲ್ಲಿ ತನ್ನ ಪಾಲೂ ಇದೆಯೆಂದು ಊರು ತಿಳಿದಾಗಲೇ ದಾಸೋಹ ತತ್ತ್ವ ಸಾರ್ಥಕವಾಗುತ್ತದೆ. ಸಕಲ ಸದ್ಭಕ್ತರಿಗೂ ಆಯುರಾರೋಗ್ಯ ಭಾಗ್ಯವುಂಟಾಗಲಿ, ಸನ್ಮಂಗಳವಾಗಲಿ.