ಬಿಟ್ಟಿ ಸಂಗೀತ, ಬಿಟ್ಟಿ ದುಡಿಮೆಯಲ್ಲ

ಬಿಟ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಕಾಸು ಕೊಡದೆ ಸಿಕ್ಕಿದ್ದು ಬಿಟ್ಟಿ. ಕೂಲಿ ಕೊಡದೆ ಮಾಡಿಸಿಕೊಂಡದ್ದೂ ಬಿಟ್ಟಿ. ಮೊದಲನೆಯದನ್ನು ಕೇಳಿದರೆ ಜನಕ್ಕೆ ಸಂತೋಷ. ಎರಡನೆಯದರ ಹೊರೆ ಎಂಥದೆಂದು ನಮ್ಮ ಹಳ್ಳಿಗಳ ಬಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆತಲಾಂತರದಿಂದ ಹೊತ್ತವರು ಅವರೇ. ಬೇಸಿಗೆಯ ಸಂಜೆಗಳಲ್ಲಿ ಊರಿನ ಮೈದಾನದಲ್ಲಿ ಶಾಸ್ತ್ರೀಯ ಸಂಗೀತ ಕಚೇರಿಗಳು ನಡೆಯಬೇಕು, ಟಿಕೆಟ್ಟು ಇರಕೂಡದು, ವೆಚ್ಚವನ್ನು ನಗರಸಭೆ ಹೊರಬೇಕು ಎಂದು ನಾವು ಹೇಳುವಾಗ ಈ ಎರಡು ಅರ್ಥಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳತಕ್ಕದ್ದು. ಕೇಳುವವನಿಗೆ ಬಿಟ್ಟಿ, ಹಾಡುವವನಿಗೆ, ಬಾರಿಸುವವನಿಗೆ ಪೂರಾ ಕೂಲಿ.

ಈ ಮಾತಿಗೆ ಊರಿನ ಮಹನೀಯರು ಮೂರು ಬಗೆಯ ಆಕ್ಷೇಪಣೆ ಎತ್ತುತ್ತಾರೆ. ಮೊದಲು ಚರಂಡಿ, ನಲ್ಲಿ ನೀರು. ಸಂಗೀತ ಆಮೇಲೆ ಎನ್ನುವವರು ಕೆಲವರು. ಗಿರಣಿಯಲ್ಲಿ ದಿನವೆಲ್ಲ ದುಡಿದು ಬಂದವನಿಗೆ ರಾಗ ತಾಳ ಏನು ತಿಳಿದೀತು ಎನ್ನುವವರು ಮತ್ತೆ ಕೆಲವರು. ಇಂಥದ್ದನ್ನೆಲ್ಲ ಧರ್ಮಿಷ್ಠರಾದ ಧನಿಕರು ಮಾಡಿಸುತ್ತಾರೆ, ನಗರಸಭೆ ಯಾಕೆ ತಲೆ ಹಾಕಬೇಕು ಎನ್ನುವವರು ಉಳಿದವರು. ಇವರಿಗೆ ಸಮಾಜವಾದಿಗಳಾದ ನಾವು ಉತ್ತರ ಹೇಳುವುದಕ್ಕಿಂತ ಬಂಡವಾಳಶಾಹಿಯ ತವರುಮನೆಯಾದ ಅಮೆರಿಕದ ಒಂದು ನಗರವೇ ಉತ್ತರ ಹೇಳುವುದು ಲೇಸು.

ಆ ನಗರ ಚಿಕಾಗೋ. ಕಾರ್ಮಿಕರಿಗೆ ಅದು ಹೊಸ ಹೆಸರಲ್ಲ. 1886ರಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ಕೆಲಸಗಾರರು ಬೀದಿಗಿಳಿದ ಊರು, ಮರುವರ್ಷ ನಾಲ್ವರನ್ನು ಗಲ್ಲಿಗೇರಿಸಿದ ಊರು, ಪ್ರಪಂಚಕ್ಕೆ ಮೇ ದಿನವನ್ನು ಕೊಟ್ಟ ಊರು ಅದೇ. ಎಂಟು ಗಂಟೆ ದುಡಿಮೆಗೆ, ಎಂಟು ಗಂಟೆ ನಿದ್ದೆಗೆ. ಉಳಿದ ಎಂಟು ಗಂಟೆ ನಮಗೆ ಎಂಬುದು ಆ ಹೋರಾಟದ ತಿರುಳು. ಆ ಮೂರನೆಯ ಎಂಟು ಗಂಟೆಯನ್ನು ಏನು ಮಾಡುವುದು ಎಂಬ ಪ್ರಶ್ನೆಯನ್ನು ನಮ್ಮ ಚಳವಳಿ ಸಾಕಷ್ಟು ಕೇಳಿಕೊಂಡಿಲ್ಲ. ಅದನ್ನು ಹೆಂಡದಂಗಡಿಗೂ ಮೊಬೈಲಿನ ಜಾಹೀರಾತಿಗೂ ಬಿಟ್ಟುಕೊಟ್ಟಿದ್ದೇವೆ.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಲಕ್ಷಾಂತರ ಜನ ಬೀದಿಪಾಲಾದದ್ದು ಓದುಗರಿಗೆ ತಿಳಿದದ್ದೇ. ವಾದ್ಯಗಾರರಿಗೆ ಅದಕ್ಕೂ ಮುಂಚೆಯೇ ಇನ್ನೊಂದು ಪೆಟ್ಟು ಬಿದ್ದಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಪ್ರತಿ ದೊಡ್ಡ ಚಿತ್ರಮಂದಿರದಲ್ಲೂ ಪರದೆಯ ಮುಂದೆ ಒಂದು ವಾದ್ಯಮೇಳ ಕೂತು ನುಡಿಸುತ್ತಿತ್ತು. 1927ರಲ್ಲಿ ಮಾತಿನ ಚಿತ್ರ ಬಂತು. ಮೂರು ನಾಲ್ಕು ವರ್ಷಗಳಲ್ಲಿ ಸಾವಿರಾರು ವಾದ್ಯಗಾರರ ಅನ್ನ ಹೋಯಿತು. ನಮ್ಮಲ್ಲೂ ಮೂಕಿಯ ಮುಂದೆ ಹಾರ್ಮೋನಿಯಂ, ತಬಲಾ ಹಿಡಿದು ಕೂಡುತ್ತಿದ್ದವರ ಗತಿ ಬೇರೆಯೇನೂ ಆಗಲಿಲ್ಲ. ಹೊಸ ಮಗ್ಗ ಬಂದಾಗ ಹಳೆಯ ನೇಕಾರನಿಗೆ ಆದದ್ದೇ ಇವರಿಗೂ ಆಯಿತು. ಕೈಯಲ್ಲಿ ಮಗ್ಗದ ಬದಲು ಪಿಟೀಲು ಇತ್ತು, ಅಷ್ಟೇ ವ್ಯತ್ಯಾಸ.

ಚಿಕಾಗೋ ವಾದ್ಯಗಾರರ ಸಂಘಕ್ಕೆ ಆಗ ಅಧ್ಯಕ್ಷನಾಗಿದ್ದವನು ಜೇಮ್ಸ್ ಪೆಟ್ರಿಲೋ. ಇಟಲಿಯಿಂದ ವಲಸೆ ಬಂದು ಚರಂಡಿ ತೋಡುತ್ತಿದ್ದ ಕೂಲಿಯವನ ಮಗ. ನಾಲ್ಕನೆಯ ತರಗತಿಗೆ ಶಾಲೆ ಮುಗಿಯಿತು. ತುತ್ತೂರಿ ಊದಿ ಹೊಟ್ಟೆ ಹೊರೆಯಲು ಹೊರಟ. ಅದರಲ್ಲಿ ಅಂಥ ಹೆಸರೇನೂ ಬರಲಿಲ್ಲ. ಸಂಘ ಕಟ್ಟುವುದರಲ್ಲಿ ಬಂತು. ‘ಮೊದಲು ಚರಂಡಿ, ಆಮೇಲೆ ಸಂಗೀತ’ ಎನ್ನುವ ನಮ್ಮ ಮಹನೀಯರು ಸ್ವಲ್ಪ ಗಮನಿಸಲಿ: ಚರಂಡಿ ತೋಡಿದವನ ಮಗನೇ ಆ ನಗರಕ್ಕೆ ಸಂಗೀತ ತಂದವನು. ಚರಂಡಿಯೂ ಬೇಕು, ಸಂಗೀತವೂ ಬೇಕು ಎಂದು ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನಮ್ಮ ಊರಿನಲ್ಲಿ ಇದುವರೆಗೆ ಸಂಗೀತಕ್ಕೆ ನಗರಸಭೆ ಕಾಸು ಬಿಚ್ಚಿದ್ದಿಲ್ಲ. ಹಾಗೆ ಉಳಿಸಿದ್ದರಿಂದ ಯಾವ ಚರಂಡಿ ನೆಟ್ಟಗಾಯಿತು ಎಂದು ನಾವೂ ಕೇಳಬಹುದಷ್ಟೆ.

ಪೆಟ್ರಿಲೋ ನಗರದ ಉದ್ಯಾನ ಮಂಡಳಿಯ ಸದಸ್ಯನೂ ಆಗಿದ್ದ. ಸಂಘದಲ್ಲಿ ಕೆಲಸವಿಲ್ಲದ ವಾದ್ಯಗಾರರು. ಊರಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲದ ಜನ. ಸರೋವರದ ದಂಡೆಯಲ್ಲಿ ಗ್ರ್ಯಾಂಟ್ ಪಾರ್ಕ್ ಎಂಬ ಬಯಲು. ಈ ಮೂರನ್ನೂ ಅವನು ಕೂಡಿಸಿದ. 1935ರ ಜುಲೈ 1ರಂದು ಆ ಬಯಲಿನಲ್ಲಿ ಮೊದಲ ಉಚಿತ ಕಚೇರಿ ನಡೆಯಿತು. ಬೇಸಿಗೆ ಪೂರ್ತಿ ಕಚೇರಿಗಳು ಸಾಗಿದವು. ನುಡಿಸಿದವರಿಗೆ ಸಂಬಳ, ಕೇಳಲು ಬಂದವರಿಗೆ ಹುಲ್ಲುಹಾಸು. (ಅದೇ 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದು. ಸಂಗೀತವನ್ನು ಸಭಾಂಗಣದ ಗೋಡೆಯಾಚೆಗೆ ಕಳಿಸುವ ಯೋಚನೆ ಆಗ ಎರಡು ಕಡೆಯೂ ಹುಟ್ಟಿತ್ತು.)

ಗಿರಣಿಯವನಿಗೆ ಶಾಸ್ತ್ರೀಯ ಸಂಗೀತ ತಿಳಿಯದು ಎನ್ನುವವರಿಗೆ ಈಗ ಲೆಕ್ಕ ಕೊಡುತ್ತೇವೆ. 1939ರಲ್ಲಿ ಲಿಲಿ ಪಾನ್ಸ್ ಎಂಬ ಪ್ರಸಿದ್ಧ ಗಾಯಕಿ ಅಲ್ಲಿ ಹಾಡಿದಾಗ ಸೇರಿದ ಜನ ಮೂರು ಲಕ್ಷಕ್ಕೂ ಮೇಲೆಂದು ಅಂದಿನವರ ಅಂದಾಜು. ಅಂದಾಜಿನಲ್ಲಿ ಅರ್ಧ ತೆಗೆದುಹಾಕಿದರೂ ಒಂದೂವರೆ ಲಕ್ಷ. ಅಷ್ಟು ಮಂದಿ ಪಂಡಿತರು ಒಂದೇ ಊರಿನಲ್ಲಿ ಎಲ್ಲಿಂದ ಬರಬೇಕು? ಕಸಾಯಿಖಾನೆಯಿಂದ, ಉಕ್ಕಿನ ಕಾರ್ಖಾನೆಯಿಂದ, ರೈಲು ಅಂಗಳದಿಂದ, ಮೂಲೆಯ ಅಂಗಡಿಯಿಂದಲೇ ಬಂದಿರಬೇಕು. 1958ರಲ್ಲಿ ಮಾಸ್ಕೋದ ಸ್ಪರ್ಧೆಯಲ್ಲಿ ಗೆದ್ದು ಬಂದ ವಾನ್ ಕ್ಲೈಬರ್ನ್ ಎಂಬ ಯುವಕ ಅದೇ ವರ್ಷ ಆ ಬಯಲಿನಲ್ಲಿ ಪಿಯಾನೋ ನುಡಿಸಿದ. ಎರಡು ಸರ್ಕಾರಗಳು ಒಂದರ ಮೇಲೊಂದು ಬಾಂಬು ಗುರಿಯಿಟ್ಟು ಕೂತಿದ್ದ ಕಾಲ ಅದು. ಹುಲ್ಲಿನ ಮೇಲೆ ಕೂತಿದ್ದ ಜನಕ್ಕೆ ರಷ್ಯಾದ ಸಂಗೀತದ ಮೇಲೆ ಯಾವ ಹಗೆಯೂ ಇರಲಿಲ್ಲ.

ಅಷ್ಟು ದೂರ ಯಾಕೆ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು 1939ರಿಂದ ಬೇಸಿಗೆ ಬೇಸಿಗೆಗೂ ನಡೆದು ಬಂದಿವೆ. ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಪೆಂಡಾಲಿನ ಒಳಗೆ ಟಿಕೆಟ್ಟು. ಹೊರಗೆ ರಸ್ತೆಯ ಬದಿಯಲ್ಲಿ ಕೂತು, ನಿಂತು, ಧ್ವನಿವರ್ಧಕದಲ್ಲಿ ಬಂದದ್ದನ್ನೇ ಕಿವಿಗೊಟ್ಟು ಕೇಳಿ ಬೆಳೆದ ತಲೆಮಾರುಗಳಿವೆ. ಕಾಲ ಬಳಿಯ ದೂಳು, ಬಸ್ಸಿನ ಹಾರನ್ನು, ಕಡಲೆಕಾಯಿಯವನ ಕೂಗು, ಇವುಗಳ ನಡುವೆ ರಾಗಾಲಾಪನೆ ಕೇಳಿ ತಲೆದೂಗಿದವನಿಗೆ ಸಂಗೀತ ತಿಳಿಯದು ಎನ್ನುವ ಧೈರ್ಯ ಯಾರಿಗಿದೆ? ನಮ್ಮ ಅಭಿಪ್ರಾಯದಲ್ಲಿ ಒಳಗಿನ ಮೆತ್ತನೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನಿಗಿಂತ ಅವನೇ ಹೆಚ್ಚು ರಸಿಕ. ಆ ರಸ್ತೆಬದಿಯವನನ್ನು ಒಳಗೆ ಕರೆದು ಕೂರಿಸಬೇಕು ಎಂಬುದಷ್ಟೇ ನಮ್ಮ ಕೇಳಿಕೆ.

ಈಗ ಹಣದ ವಿಷಯ. ಅಂಗಡಿಯವರು ಇಲ್ಲಿ ಕಿವಿ ನಿಮಿರಿಸುತ್ತಾರೆ, ಅದು ಸಹಜ. ಊರಿನಲ್ಲಿ ಯಾವ ಉತ್ಸವ ನಡೆದರೂ ಚಂದಾ ಪುಸ್ತಕ ಮೊದಲು ಬರುವುದು ಕಿರಾಣಿ ಅಂಗಡಿಗೆ, ಸೈಕಲ್ ಷಾಪಿಗೆ, ಹೋಟೆಲಿನ ಗಲ್ಲಾಕ್ಕೆ. ಕೊಟ್ಟವನ ಹೆಸರು ಎಲ್ಲೂ ಇರುವುದಿಲ್ಲ. ಕೊಡದೆ ಕೈಮುಗಿದ ದೊಡ್ಡ ಕುಳದ ಹೆಸರು ಮಾತ್ರ ಕಮಾನಿನ ಮೇಲೆ ರಾರಾಜಿಸುತ್ತದೆ. ಇಂಥ ಇನ್ನೊಂದು ಚಂದಾ ಪುಸ್ತಕವನ್ನು ನಾವು ಬಯಸುವುದಿಲ್ಲ. ಚಿಕಾಗೋದಲ್ಲಿ ಮೊದಲ ಕೆಲವು ವರ್ಷ ಸಂಘವೂ ಉದ್ಯಾನ ಮಂಡಳಿಯೂ ಕೈಗೂಡಿಸಿ ನಡೆಸಿದವು. 1944ರಲ್ಲಿ ಉದ್ಯಾನ ಮಂಡಳಿ ತನ್ನದೇ ಸಿಂಫನಿ ವಾದ್ಯವೃಂದವನ್ನು ಕಟ್ಟಿತು. ರಸ್ತೆಗೆ, ದೀಪಕ್ಕೆ ಜನರ ಕಂದಾಯದ ಹಣ ಹೋಗುವಂತೆ ಪಿಟೀಲಿನವನ ಸಂಬಳಕ್ಕೂ ಹೋಗತೊಡಗಿತು.

ಆ ಜನ ಇನ್ನೊಂದು ದಾರಿಯನ್ನೂ ಕಂಡುಕೊಂಡರು. ಯಂತ್ರದೊಡನೆ ಬದುಕುವ ಗಿರಣಿ ಕಾರ್ಮಿಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಪೆಟ್ರಿಲೋ 1940ರಲ್ಲಿ ಇಡೀ ದೇಶದ ವಾದ್ಯಗಾರರ ಒಕ್ಕೂಟದ ಅಧ್ಯಕ್ಷನಾದ. ಒಂದು ಸಲ ನುಡಿಸಿ ಮುದ್ರಿಸಿಕೊಂಡ ಗ್ರಾಮಫೋನು ತಟ್ಟೆ ಸಾವಿರ ಹೋಟೆಲಿನಲ್ಲಿ, ನೂರು ರೇಡಿಯೋ ಕೇಂದ್ರದಲ್ಲಿ ತಿರುಗುತ್ತದೆ. ನುಡಿಸಿದವನಿಗೆ ಕೂಲಿ ಒಂದೇ ಸಲ, ಅದರಿಂದ ಕೆಲಸ ಕಳೆದುಕೊಳ್ಳುವವನೂ ಅವನೇ. 1942ರ ಆಗಸ್ಟ್ 1ರಿಂದ ತಟ್ಟೆಗಾಗಿ ನುಡಿಸುವುದನ್ನೇ ಒಕ್ಕೂಟ ನಿಲ್ಲಿಸಿಬಿಟ್ಟಿತು. ಯುದ್ಧದ ಕಾಲ, ದೇಶದ್ರೋಹಿ ಎಂದರು. ಅಧ್ಯಕ್ಷ ರೂಸ್ವೆಲ್ಟರೇ ಕೇಳಿಕೊಂಡರೂ ಮಣಿಯಲಿಲ್ಲ. 1944ರ ನವೆಂಬರಿನ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಒಪ್ಪಿ, ಮಾರಿದ ಪ್ರತಿ ತಟ್ಟೆಯ ಮೇಲೂ ಇಷ್ಟೆಂದು ನಿಧಿಗೆ ಕಟ್ಟತೊಡಗಿದವು. ಮುಂದೆ ಸರ್ಕಾರ ಕಾಯಿದೆ ತಂದು ಅದಕ್ಕೆ ಕಲ್ಲು ಹಾಕಿತು. 1948ರಲ್ಲಿ ಇನ್ನೊಂದು ಮುಷ್ಕರ ಹೂಡಿ, ಸಂಘದ ಕೈಯಿಂದ ಹೊರಗಿನ ಧರ್ಮದರ್ಶಿಯೊಬ್ಬನ ಕೈಗೆ ನಿಧಿಯನ್ನು ಒಪ್ಪಿಸಿ ಉಳಿಸಿಕೊಂಡರು. ಆ ನಿಧಿಯಿಂದ ಉದ್ಯಾನಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಸಾರ್ವಜನಿಕರಿಗೆ ಉಚಿತ ಕಚೇರಿ. ವಾದ್ಯಗಾರರಿಗೆ ಸಂಘದ ದರದ ಕೂಲಿ. ಯಂತ್ರ ಕಿತ್ತುಕೊಂಡ ಅನ್ನದಲ್ಲಿ ಒಂದು ಪಾಲನ್ನು ಯಂತ್ರದ ಲಾಭದಿಂದಲೇ ವಸೂಲು ಮಾಡಿದ್ದು ಇದು. ಯಂತ್ರವನ್ನು ಒಡೆಯಲಿಲ್ಲ, ಅದರ ಕಾಲಿಗೂ ಬೀಳಲಿಲ್ಲ. ಆ ನಿಧಿ ಇಂದಿಗೂ ಇದೆ.

ಹಾಗೆಂದು ಪೆಟ್ರಿಲೋವನ್ನು ಪಟ ಹಾಕಿ ಪೂಜಿಸಬೇಕೆಂದು ನಾವು ಹೇಳುತ್ತಿಲ್ಲ. ಸಂಘವನ್ನು ಪಾಳೆಯಗಾರನಂತೆ ಆಳಿದ ಮನುಷ್ಯ. ರೋಗಾಣುವಿನ ಭಯಕ್ಕೆ ಕಿರುಬೆರಳು ಚಾಚಿ ಕೈಕುಲುಕುತ್ತಿದ್ದನಂತೆ. ಅದು ನಗುವ ಮಾತು. ನಗಲಾಗದ ಮಾತು ಬೇರೆಯಿದೆ. ಚಿಕಾಗೋದಲ್ಲಿ ವಾದ್ಯಗಾರರ ಸಂಘ ಒಂದಲ್ಲ, ಎರಡು: ಬಿಳಿಯರದು 10ನೆಯ ಸಂಖ್ಯೆಯದು, ಕರಿಯರದು 208ನೆಯದು. ಅವೆರಡೂ ಒಂದಾದದ್ದು 1966ರಲ್ಲಿ. ಕೇಳುವ ಹುಲ್ಲು ಎಲ್ಲರದಾಗಿದ್ದರೂ ನುಡಿಸುವ ಕೆಲಸದ ಹಂಚಿಕೆ ಮೂವತ್ತು ವರ್ಷ ಒಂದು ಬಣ್ಣದವರ ಸಂಘದ ಕೈಯಲ್ಲಿತ್ತು. ಇದನ್ನು ಓದಿ ಅಮೆರಿಕದವರನ್ನು ಹಳಿಯುವ ಮುನ್ನ ನಮ್ಮ ಕಡೆ ನೋಡಿಕೊಳ್ಳೋಣ. ಮದುವೆಯ ದಿಬ್ಬಣದ ಮುಂದೆ ಓಲಗ ಊದುವವನಿಲ್ಲದೆ ನಮ್ಮ ಶುಭಕಾರ್ಯ ನಡೆಯದು. ಅದೇ ಓಲಗದವನಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಸಂಗೀತ ಸಭೆಯಲ್ಲಿ ಜಾಗ ಬಾಗಿಲ ಬಳಿ. ಅವನು ಊದುವುದು ಆ ಸಭೆಯಲ್ಲಿ ಹಾಡುವ ಕಲ್ಯಾಣಿ, ತೋಡಿ, ಮೋಹನಗಳನ್ನೇ. ನಗರಸಭೆಯ ವೇದಿಕೆಯಲ್ಲಿ ಮೊದಲ ಸಂಜೆ ನಾದಸ್ವರ ಮತ್ತು ಡೋಲಿನವರದ್ದಾಗಬೇಕು, ಮಂಗಳವಾದ್ಯವೆಂದು ಹತ್ತು ನಿಮಿಷಕ್ಕಲ್ಲ, ಪೂರ್ಣ ಕಚೇರಿಯಾಗಿ.

ಬಯಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಗ್ರ್ಯಾಂಟ್ ಪಾರ್ಕ್ ಬಯಲಾಗಿಯೇ ಉಳಿದದ್ದು ತಾನಾಗಿ ಅಲ್ಲ. 1836ರ ನಕಾಶೆಯಲ್ಲಿ ಅದು ಸಾರ್ವಜನಿಕರ ಜಾಗ, ಅಲ್ಲಿ ಕಟ್ಟಡ ಕೂಡದು ಎಂದು ಬರೆದಿಟ್ಟಿದ್ದರು. ಮುಂದೆ ಕಟ್ಟಡಗಳು ಹೊಂಚು ಹಾಕಿದಾಗ ಮಾಂಟ್ಗೊಮರಿ ವಾರ್ಡ್ ಎಂಬ ವರ್ತಕ, ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದವನು, 1890ರಿಂದ 1911ರ ತನಕ ಕೋರ್ಟಿಗೆ ಅಲೆದು ಅದನ್ನು ಉಳಿಸಿದ. ದೊಡ್ಡ ಜನ ಅವನನ್ನು ಬೈದರು. ನಮ್ಮ ಊರಿನಲ್ಲಿ ಬಯಲುಗಳು ಕರಗುತ್ತಿರುವ ವೇಗ ನೋಡಿದರೆ, ವಾದ್ಯಗಾರರು ಸಿಕ್ಕುವ ಹೊತ್ತಿಗೆ ಜಮಖಾನ ಹಾಸುವುದಕ್ಕೆ ಜಾಗವಿಲ್ಲದಂತಾದೀತು. ಇದು ಅಂಗಡಿಯವರಿಗೂ ಸೇರಿದ ಪ್ರಶ್ನೆ. ವಾರದ ಸಂತೆ ಕೂಡುವುದೂ ಅಂಥ ಬಯಲಿನಲ್ಲಿಯೇ.

2004ರಿಂದ ಆ ಕಚೇರಿಗಳು ಪಕ್ಕದ ಮಿಲೇನಿಯಂ ಪಾರ್ಕಿನ ಹೊಸ ವೇದಿಕೆಯಲ್ಲಿ ನಡೆಯುತ್ತಿವೆ. ಫ್ರಾಂಕ್ ಗೆಹ್ರಿ ಕಟ್ಟಿದ್ದು. ಕಟ್ಟಡ ಕೂಡದೆಂಬ ಹಳೆಯ ನಿಬಂಧನೆಯನ್ನು ದಾಟಲು ಅದನ್ನು ಕಟ್ಟಡವಲ್ಲ, ಕಲಾಕೃತಿ ಎಂದು ಕರೆದರು. ವಕೀಲರು ಎಲ್ಲ ಊರಲ್ಲೂ ಒಂದೇ. ನಾಲ್ಕು ಸಾವಿರ ಆಸನ, ಹಿಂದೆ ಏಳು ಸಾವಿರ ಜನಕ್ಕೆ ಹುಲ್ಲು. ಹುಲ್ಲಿನ ಮೇಲೆ ಉಕ್ಕಿನ ಕೊಳವೆಗಳ ಚಪ್ಪರ ಹಾಕಿ ಅದರಲ್ಲಿ ಧ್ವನಿವರ್ಧಕಗಳನ್ನು ತೂಗುಬಿಟ್ಟಿದ್ದಾರೆ, ಕೊನೆಯಲ್ಲಿ ಕೂತವನಿಗೂ ಸ್ವರ ಒಡೆಯದೆ ಕೇಳಲೆಂದು. ಇದು ನಮಗೆ ಮೆಚ್ಚಿಗೆ. ಮೆಚ್ಚದಿರುವುದು, ವೇದಿಕೆಗೆ ಹೋಟೆಲು ದೊರೆಯೊಬ್ಬನ ಹೆಸರಿದೆ, ಮುಂದಿನ ಸಾಲುಗಳು ಹಣ ಕಟ್ಟಿದ ಸದಸ್ಯರಿಗೆ ಮೀಸಲು. ಧನಿಕರು ಮಾಡಿಸುತ್ತಾರೆ ಬಿಡಿ ಎನ್ನುವವರಿಗೆ ಇದೇ ಉತ್ತರ: ಮಾಡಿಸುತ್ತಾರೆ, ಮೊದಲ ಸಾಲನ್ನು ತಾವು ಇಟ್ಟುಕೊಳ್ಳುತ್ತಾರೆ. ಆದಾಗ್ಯೂ ಹಿಂದಿನ ಹುಲ್ಲಿಗೆ ಇಂದಿಗೂ ಟಿಕೆಟ್ಟಿಲ್ಲ.

ನಾವು ನಗರಸಭೆಯ ಮುಂದಿಡುವುದು ಚಿಕಾಗೋದಷ್ಟಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಂದು ಕಚೇರಿ. ಹಿಂದೂಸ್ತಾನಿ, ಕರ್ನಾಟಕ ಎರಡೂ. ಆಯವ್ಯಯದಲ್ಲಿ ಅದಕ್ಕೊಂದು ಸ್ಪಷ್ಟ ಬಾಬು. ಹಾಡುವವರಿಗೆ, ಪಕ್ಕವಾದ್ಯದವರಿಗೆ, ತಂಬೂರಿ ಹಿಡಿಯುವವರಿಗೆ ಅದೇ ರಾತ್ರಿ ಸಂಭಾವನೆ ಕೈಗೆ; ಸೇವೆ, ಶಾಲು, ಹಾರ, ತೆಂಗಿನಕಾಯಿಯ ಹೆಸರಿನಲ್ಲಿ ಸಾಗಹಾಕುವುದು ಬೇಡ. ಮೊದಲ ಸಾಲಿನಲ್ಲಿ ಸೋಫಾ ಬೇಡ. ಅಧ್ಯಕ್ಷರೂ ಜಮಖಾನದ ಮೇಲೆ ಕೂರಲಿ, ಭಾಷಣ ಬೇಡ. ವೇಳೆಯನ್ನು ಪಾಳಿ ನೋಡಿ ಗೊತ್ತು ಮಾಡಬೇಕು: ಸಂಜೆ ಏಳಕ್ಕೆ ಆರಂಭವಾದರೆ ಮೊದಲ ಪಾಳಿಯವರು ಮಿಂದು ಉಂಡು ಬರಬಲ್ಲರು, ಎರಡನೆಯ ಪಾಳಿಯವರಿಗಾಗಿ ತಿಂಗಳಿಗೆ ಒಂದಾದರೂ ಭಾನುವಾರ ಬೆಳಗಿನ ಕಚೇರಿ ಇರಬೇಕು. ಬಯಲಿನ ಅಂಚಿನಲ್ಲಿ ಕೈಗಾಡಿಯವರು ನಿಲ್ಲಲಿ, ಪೊಲೀಸಿನವರು ಅವರನ್ನು ಓಡಿಸದಿರಲಿ.

ಈ ಅಂಶಗಳನ್ನೊಳಗೊಂಡ ಮನವಿಯ ಕರಡು ಪತ್ರಿಕಾ ಕಚೇರಿಯಲ್ಲಿದೆ. ಆಯವ್ಯಯ ಸಭೆಗೆ ಮುಂಚೆ ಅದನ್ನು ಅಧ್ಯಕ್ಷರ ಕೈಗೆ ಕೊಡತಕ್ಕದ್ದು. ಎರಡನೆಯ ಪಾಳಿಯವರು ಬೆಳಿಗ್ಗೆ, ಮೊದಲ ಪಾಳಿಯವರು ಸಂಜೆ, ಅಂಗಡಿಯವರು ಬಾಗಿಲು ಹಾಕಿದ ಮೇಲೆ ಬಂದು ಓದಿ, ತಿದ್ದುವುದಿದ್ದರೆ ತಿದ್ದಿ, ರುಜು ಹಾಕಬಹುದು.