ಹಾಲು ಹಳೇ ರಸ್ತೇಲಿ, ಗಿರಾಕಿ ಹೊಸ ರಸ್ತೇಲಿ!

ಮಂಡ್ಯ: ಈ ಜಿಲ್ಲೆಯಲ್ಲಿ ಯಾರಾದರೂ ‘ಹಾಲು ಕುಡೀತೀರಾ?’ ಅಂದರೆ ‘ಯಾವ ಹಾಲು?’ ಅಂತ ಕೇಳಬೇಕು. ಒಂದು ಹಸುವಿನದು, ಇನ್ನೊಂದು ಗಾಣದ್ದು. ಹಸುವಿನ ಹಾಲಿಗೆ ಊರೂರಿಗೆ ಡೇರಿ ಇದೆ, ಗೆಜ್ಜಲಗೆರೆಯಲ್ಲಿ ದೊಡ್ಡ ಒಕ್ಕೂಟ ಇದೆ, ಒಕ್ಕೂಟದ ಚುನಾವಣೆಗೆ ಶಾಸಕರೇ ಓಡಾಡುತ್ತಾರೆ. ಕಬ್ಬಿನ ಹಾಲಿಗೆ ಇದ್ದ ಆಸರೆ ರಸ್ತೆ ಒಂದೇ. ಆ ರಸ್ತೆಯೇ ಈಗ ಮೂಲೆಗೆ ಬಿದ್ದಿದೆ.

2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲ್ಲೂಕಿನಲ್ಲಿ ಪ್ರಧಾನಿಗಳು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. 118 ಕಿಲೋಮೀಟರ್ ರಸ್ತೆ, ಒಂದೂವರೆ ಗಂಟೆ ಪ್ರಯಾಣ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರೂ ಬೈಪಾಸ್ ಆದವು. ಕಾರಿನವರಿಗೆ ಖುಷಿಯೋ ಖುಷಿ. ಮದ್ದೂರು ವಡೆಯವರು ಗೋಳಾಡಿದ್ದು ಪತ್ರಿಕೆಗಳಲ್ಲಿ ಬಂತು, ಚನ್ನಪಟ್ಟಣದ ಬೊಂಬೆಯವರದೂ ಬಂತು. ಕಬ್ಬಿನ ಹಾಲಿನವನ ಗೋಳು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಅವನಿಗೆ ಸಂಘವೂ ಇಲ್ಲ, ಬೋರ್ಡೂ ಇಲ್ಲ.

ಹಳೇ ಮಾದರಿಯ ಅಂಗಡಿ ಅಂದರೆ ಏನು? ಮುಂದೆ ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಒಂದು ಗಾಣ, ಒಂದು ಬೆಂಚು. ಹಿಂದೆ ಹೊಗೆಯಾಡುವ ಆಲೆಮನೆ. ಬೆಳಿಗ್ಗೆ ಕಡಿದ ಜಲ್ಲೆ ಸಿಗಿದು, ನಡುವೆ ಶುಂಠಿ ಚೂರು, ನಿಂಬೆ ಹೋಳು ಇಟ್ಟು ಗಾಣಕ್ಕೆ ಕೊಟ್ಟರೆ ನೊರೆ ನೊರೆಯಾಗಿ ಇಳಿಯುತ್ತೆ. ‘ಐಸ್ ಬೇಡ ಕಣಣ್ಣ’ ಅಂದರೆ ಅಂಗಡಿಯವನಿಗೆ ಗೊತ್ತಾಗಿಬಿಡುತ್ತೆ, ಗಿರಾಕಿ ಈ ಕಡೆಯವನೇ ಅಂತ. ಐಸು ಲೋಟವನ್ನೂ ತುಂಬುತ್ತೆ, ಸಿಹಿಯನ್ನೂ ಸಾಯಿಸುತ್ತೆ. ಪೇಟೆಯವರು ಐಸೇ ಬೇಕು ಅಂತಾರೆ, ಅಂಗಡಿಯವನಿಗೆ ಲಾಭ. ಇರಲಿ.

ಆದರೆ ನಿಜವಾದ ರುಚಿ ಇರುವುದು ಹಿಂಬದಿಯ ಕೊಪ್ಪರಿಗೆಯಲ್ಲಿ. ಹಾಲು ಕಾಯುತ್ತಿದ್ದಂತೆ ಬೆಂಡೆ ಗಿಡದ ಲೋಳೆ ಹಾಕಿದರೆ ಕಸವೆಲ್ಲ ಮಡ್ಡಿಯಾಗಿ ಮೇಲೆ ಬರುತ್ತೆ. ಜಾಲರಿಯಲ್ಲಿ ಅದನ್ನು ಬಾಚಿ ತೆಗೆಯಬೇಕು. ಹುಳಿ ಮುರಿಯಲು ಚೂರು ಸುಣ್ಣ, ಉಕ್ಕು ತಡೆಯಲು ಒಂದೆರಡು ಹನಿ ಹರಳೆಣ್ಣೆ. ಸುಮಾರು 105 ಡಿಗ್ರಿಗೆ ಇಳಿಸಿಕೊಂಡರೆ ನೀರು ಬೆಲ್ಲ, ಮಲೆನಾಡಿನವರ ಬಾಯಲ್ಲಿ ಜೋನಿ ಬೆಲ್ಲ. ದೋಸೆಗೆ, ರೊಟ್ಟಿಗೆ ಅದರ ಮುಂದೆ ಬೇರೆ ಯಾವುದೂ ಇಲ್ಲ. 118ರ ಹತ್ತಿರ ಬಂದರೆ ಅಚ್ಚಿಗೆ ಹೊಯ್ಯುವ ಹದ. ಆಲೆಮನೆಯ ಮುದುಕರು ಥರ್ಮಾಮೀಟರ್ ಮುಟ್ಟಿದವರಲ್ಲ. ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿದರೆ ಮುಗಿಯಿತು. ಈ ಎರಡು ಹದಗಳ ನಡುವೆ ಇನ್ನೊಂದಿದೆ, ಎಳೆದರೆ ನೂಲಿನಂತೆ ಬರುವ ಬಿಸಿ ಬೆಲ್ಲ. ಕಬ್ಬಿನ ತುಂಡನ್ನೋ ಕೊಬ್ಬರಿ ಚೂರನ್ನೋ ಅದರಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳುವ ಭಾಗ್ಯ ಆ ಹೊತ್ತಿಗೆ ಅಲ್ಲಿದ್ದವನಿಗೆ ಮಾತ್ರ. ಪೊಟ್ಟಣ ಕಟ್ಟಿ ಊರಿಗೆ ಒಯ್ಯುವ ಸಾಮಾನಲ್ಲ ಅದು. ಒಯ್ಯುವವರಿಗೆ ಕಡಲೆಬೀಜದ ಮಿಠಾಯಿ, ಎಳ್ಳುಂಡೆ, ಕೊಬ್ಬರಿ ಮಿಠಾಯಿ ಇವೆ. ಎಲ್ಲವೂ ಅದೇ ಪಾಕದ ಮಕ್ಕಳು.

ಈಗ ಲೆಕ್ಕಕ್ಕೆ ಬನ್ನಿ.

ಒಂದು ಟನ್ ಕಬ್ಬಿಗೆ ಮೂರು ದಾರಿ. ಮೊದಲನೆಯದು ಕಾರ್ಖಾನೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ದರ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ. 10.25 ಇಳುವರಿ ಇದ್ದರೆ. ಅಂದರೆ ಟನ್ನಿಗೆ 3,550. ಎರಡನೆಯದು ಬೆಲ್ಲ. ಒಂದು ಟನ್ನಿಗೆ ನೂರು ಕಿಲೋ ಹೆಚ್ಚೂಕಮ್ಮಿ ಬೆಲ್ಲ ಇಳಿಯುತ್ತೆ. ಕಾರ್ಖಾನೆ ದರದಲ್ಲೇ ಕಬ್ಬು ಸಿಕ್ಕಿತು ಅಂದುಕೊಂಡರೂ ಕಿಲೋ ಬೆಲ್ಲಕ್ಕೆ ಕಬ್ಬಿನ ಅಸಲೇ 35 ರೂಪಾಯಿ ಚಿಲ್ಲರೆ ಆಯಿತು. ಆಮೇಲೆ ಅರೆಯುವವನ ಕೂಲಿ, ಒಲೆ ಹಾಕುವವನ ಕೂಲಿ, ಡೀಸೆಲ್ಲು, ಕರೆಂಟು, ಮಂಡಿಯ ಖರ್ಚು. ಮೂರನೆಯದು ಲೋಟ. ಸಣ್ಣ ಗಾಣದಲ್ಲಿ ಅರ್ಧಕ್ಕರ್ಧ ರಸ ಅಂತಿಟ್ಟರೂ 500 ಲೀಟರ್. 200 ಮಿಲಿಯ ಲೋಟದಲ್ಲಿ 2,500 ಲೋಟ. ಲೋಟಕ್ಕೆ 20 ರೂಪಾಯಿ ಅಂದರೆ ಐವತ್ತು ಸಾವಿರ! ಕೇಳಿದರೆ ಸಕ್ಕರೆ ಕಾರ್ಖಾನೆಯವರೇ ಬಾಯಿ ಬಿಡಬೇಕು.

ಹಾಗಾದರೆ ಗಾಣದವನು ಯಾಕೆ ಶ್ರೀಮಂತನಾಗಲಿಲ್ಲ? ಕಬ್ಬಿನ ಹಾಲು ಕೂಡಿಡುವ ವಸ್ತುವಲ್ಲ ಸ್ವಾಮಿ. ಕೆಲವೇ ಗಂಟೆಗಳಲ್ಲಿ ಬಣ್ಣ ಕಪ್ಪಾಗುತ್ತೆ, ಹುಳಿ ಬರುತ್ತೆ. 2,500 ಲೋಟಕ್ಕೆ 2,500 ಬಾಯಿ ಅಂಗಡಿ ಮುಂದೆಯೇ ಬಂದು ನಿಲ್ಲಬೇಕು. ಅಷ್ಟು ಬಾಯಿ ತರುತ್ತಿದ್ದುದು ಹಳೇ ಹೆದ್ದಾರಿ. ಅಂಗಡಿಯ ಬಂಡವಾಳ ಕಬ್ಬಲ್ಲ, ಗಾಣವೂ ಅಲ್ಲ, ರಸ್ತೆ. ಬೆಲ್ಲದಲ್ಲಿ ಕೈ ಸುಟ್ಟುಕೊಂಡರೂ ಲೋಟದ ಕಾಸಿನಲ್ಲಿ ಒಲೆ ಉರಿಯುತ್ತಿತ್ತು. ಮುಂದಿನ ಗಾಣ ಹಿಂದಿನ ಕೊಪ್ಪರಿಗೆಯನ್ನು ಸಾಕುತ್ತಿತ್ತು.

2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಎಂದಾಯಿತು. ಪಕ್ಕದ ರಸ್ತೆಗೂ ಊರ ರಸ್ತೆಗೂ ಉಳಿದವರು ಅವರೇ. ಆಟೋದವನು, ಬೈಕಿನವನು ಒಂದು ಲೋಟ ಕುಡಿದು ಹೊರಡುತ್ತಾರೆ. ಐದು ಲೋಟ ಕುಡಿದು ಎರಡು ಕಿಲೋ ಬೆಲ್ಲ, ಮಕ್ಕಳಿಗೆ ಮಿಠಾಯಿ ಕಟ್ಟಿಸುತ್ತಿದ್ದ ಕಾರಿನ ಸಂಸಾರ ಮೇಲಿನ ರಸ್ತೆಯಲ್ಲಿ ಟೋಲ್ ಕಟ್ಟಿ ಹೋಗುತ್ತದೆ.

ಲೋಟದ ಕಾಸು ನಿಂತಾಗ ಬೆಲ್ಲವೇ ದುಡಿಯಬೇಕು. ತೊಂದರೆ ಶುರುವಾಗುವುದು ಅಲ್ಲಿ. ಗಿರಾಕಿಗೆ ಬೇಕಾದದ್ದು ಹಳದಿ ಬೆಲ್ಲ, ಚಿನ್ನದಂತೆ ಹೊಳೆಯಬೇಕು. ನಿಜವಾದ ಬೆಲ್ಲದ ಬಣ್ಣ ಕಂದು, ಕೆಲವೊಮ್ಮೆ ಕಪ್ಪೇ. ಬಿಳಿಚಿಸಲು ‘ಹೈಡ್ರೋಸ್’ ಎನ್ನುವ ಪುಡಿ ಬಂತು, ಗಂಧಕದ ರಾಸಾಯನಿಕ. ಗಂಧಕದ ಡೈಆಕ್ಸೈಡು ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದು ಅಂತ ಕಾನೂನಿದೆ, ಕೊಪ್ಪರಿಗೆಯ ಪಕ್ಕ ನಿಂತು ಅಳೆಯುವವರು ಯಾರು? ಪುಡಿಯ ಹಿಂದೆಯೇ ಕಳಪೆ ಸಕ್ಕರೆಯ ಮೂಟೆ ಬಂತು. ಸಕ್ಕರೆಯೂ ಕಬ್ಬಿನದೇ ಆದ್ದರಿಂದ ನಾಲಿಗೆಗೂ ಗೊತ್ತಾಗದು, ಸಾಮಾನ್ಯ ಪರೀಕ್ಷೆಗೂ ಸುಲಭಕ್ಕೆ ಸಿಗದು. ಬೆಂಡೆ ಲೋಳೆ ಹಾಕಿ ಮಡ್ಡಿ ಬಾಚುವವನು ಇದೇ ಮಂಡಿಯಲ್ಲಿ ಸಕ್ಕರೆ ಕರಗಿಸಿದವನ ಪಕ್ಕ ಕೂತು ಅದೇ ಬೆಲೆಗೆ ಮಾರಬೇಕು. ಎಷ್ಟು ದಿನ ಕೂತಾನು? ಸಾಲದ್ದಕ್ಕೆ 2023ರ ಕೊನೆಯಲ್ಲಿ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾಗಿ, ಆಲೆಮನೆ ಎಂಬ ಮಾತಿಗೇ ಮಸಿ ಹತ್ತಿತು. ಯಾರೋ ಮಾಡಿದ ಪಾಪ, ಹೆಸರು ಎಲ್ಲರಿಗೂ.

ಸರ್ಕಾರ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ‘ಒಂದು ಜಿಲ್ಲೆ, ಒಂದು ಉತ್ಪನ್ನ’ದಲ್ಲಿ ಮಂಡ್ಯದ ಪಾಲಿಗೆ ಬಂದದ್ದು ಬೆಲ್ಲವೇ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ಶೇ. 35 ಸಬ್ಸಿಡಿ, ಮೇಲೆ ರಾಜ್ಯದ ಪಾಲು ಸೇರಿ ಶೇ. 50. ಸ್ಟೀಲ್ ಕೊಪ್ಪರಿಗೆ ತರಬಹುದು, ಬೆಲ್ಲದ ಪುಡಿ ಮಾಡಿ ಡಬ್ಬಿಗೆ ತುಂಬಬಹುದು. ವಿ.ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆ ದಶಕಗಳಿಂದ ನಡೆದಿದೆ. ಎಲ್ಲ ಸರಿ. ಆದರೆ ಇವೆಲ್ಲ ಬೆಲ್ಲ ಮಾಡುವುದಕ್ಕೆ. ಮಾರುವ ಜಾಗ? ಬ್ಯಾಂಕಿನವನು ಸಾಲ ಕೊಡುವ ಮುಂಚೆ ‘ವ್ಯಾಪಾರ ಎಷ್ಟಯ್ಯ?’ ಅಂತ ಕೇಳುತ್ತಾನೆ. ಖಾಲಿ ಬೆಂಚು ತೋರಿಸಿದರೆ ಸಾಲ ಹುಟ್ಟುವುದಿಲ್ಲ.

ಜಾಗದ ಮಾತು ಬಂದೇ ಬರುತ್ತದೆ. ಹೊಸ ಹೆದ್ದಾರಿ ತೆರೆದಾಗ ಪ್ರಯಾಣಿಕರ ದೊಡ್ಡ ದೂರೇ ಇದು, ನಿಲ್ಲಲು ತಾಣವಿಲ್ಲ, ಶೌಚಾಲಯವಿಲ್ಲ ಅಂತ. ಇಂಥ ತಾಣಗಳನ್ನು ಹೆದ್ದಾರಿ ಪ್ರಾಧಿಕಾರ ಟೆಂಡರ್ ಕರೆದು ಗುತ್ತಿಗೆಗೆ ಕೊಡುವುದು ಪದ್ಧತಿ. ಟೆಂಡರಿಗೆ ಠೇವಣಿ, ಹಿಂದಿನ ವರ್ಷಗಳ ವಹಿವಾಟಿನ ಲೆಕ್ಕ, ಕಂಪನಿಯ ಕಾಗದ ಎಲ್ಲ ಬೇಕು. ಚಪ್ಪರದ ಕೆಳಗೆ ಗಾಣ ತಿರುಗಿಸುವವನ ಹತ್ತಿರ ಅದ್ಯಾವುದಿದೆ? ಬರುವುದು ಹೆಸರುವಾಸಿ ಕಾಫಿ ಅಂಗಡಿ, ಬಾಟಲಿ ಪಾನೀಯ. ಮಂಡ್ಯದ ಕಬ್ಬಿನ ಗದ್ದೆಯ ನಡುವೆ ನಿಂತು ಬಾಟಲಿಯ ಸಕ್ಕರೆ ನೀರು ಕುಡಿಯಬಹುದು!

ನಮ್ಮ ಸಂಸದರು, ಶಾಸಕರು, ಜಿಲ್ಲಾಧಿಕಾರಿಗಳು ಕೇಳಬೇಕಾದದ್ದು ದೊಡ್ಡದೇನಲ್ಲ. ಜಿಲ್ಲೆಯ ಗಡಿಯೊಳಗೆ ಬರುವ ಪ್ರತಿ ತಾಣದಲ್ಲೂ ಎರಡು ಮಳಿಗೆ, ಒಂದು ಗಾಣಕ್ಕೆ, ಒಂದು ರಾಸಾಯನಿಕ ಹಾಕದ ಬೆಲ್ಲಕ್ಕೆ, ಆಲೆಮನೆಯವರಿಗೇ ಮೀಸಲು ಅಂತ ಟೆಂಡರಿನ ಷರತ್ತಿನಲ್ಲೇ ಬರೆಸುವುದು. ಟೆಂಡರ್ ಆದಮೇಲೆ ಮನವಿ ಕೊಟ್ಟರೆ ಫೋಟೋ ಬರುತ್ತೆ, ಮಳಿಗೆ ಬರುವುದಿಲ್ಲ.